ಮೆಟಲ್ ಕ್ಲೇಗೆ ಕನ್ನಡದಲ್ಲಿ ಏನನ್ನೋಣ? (ಬೋರ್ಡಿಗೆ, ಶನಿವಾರದೊಳಗೆ ಬೇಕು)

ಕುಂಬಳೆಯಿಂದ:

ಎಲ್ಲರಿಗೂ ನಮಸ್ಕಾರ. ತುರ್ತಾಗಿ ಒಂದು ಪದ ಬೇಕು. ನನ್ನ ತಂಗಿ ಇಲ್ಲಿ, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ, ಮನೆ ಪಕ್ಕದ ಶೆಡ್ಡಿನಲ್ಲಿ ಮೆಟಲ್ ಕ್ಲೇಯಿಂದ ಆಭರಣ ಮಾಡುತ್ತಾಳೆ. ಬೋರ್ಡು ಬರೆಯುವವರು ಶನಿವಾರ ಬರುತ್ತಾರೆ. ಮಲಯಾಳದ ಸಾಲು ಸಿದ್ಧವಾಗಿದೆ, ‘ಲೋಹ ಕಳಿಮಣ್ಣ್’ ಅಂತ. ಕನ್ನಡದ ಸಾಲು ಇನ್ನೂ ಖಾಲಿ. ಅದನ್ನು ಹಾಗೇ ಬಿಡಲು ನನಗೆ ಮನಸ್ಸಿಲ್ಲ.

ವಸ್ತು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಮಣ್ಣು ಒಂದು ಚಿಟಿಕೆಯೂ ಇಲ್ಲ. ಬೆಳ್ಳಿಯ ತೀರಾ ನಯವಾದ ಪುಡಿ, ಅದನ್ನು ಹಿಡಿದಿಡಲು ಒಂದು ಅಂಟು, ನೀರು. ಅಷ್ಟೇ. ನಿನ್ನೆ ಅವಳ ಪಕ್ಕ ಕೂತು ನೋಡಿದೆ. ನೆಲ್ಲಿಕಾಯಿಯಷ್ಟು ಮಾಸಲು ಬಿಳಿ ಮುದ್ದೆ. ಕೈಗೆ ಎಣ್ಣೆ ಸವರಿಕೊಂಡು ನಾದಿದಳು, ಲಟ್ಟಿಸಿದಳು. ಒಳ್ಳೆಮೆಣಸಿನ ಎಲೆಯ ಹಿಂಬದಿಯನ್ನು ಅದರ ಮೇಲೆ ಒತ್ತಿದಳು. ಒಂದೊಂದು ನರವೂ ಮೂಡಿತು. ಮೊದಲೇ ಒಣಗಿಸಿಟ್ಟಿದ್ದ ಇನ್ನೊಂದು ಎಲೆಯನ್ನು ಗ್ಯಾಸ್ ಟಾರ್ಚಿನಲ್ಲಿ ಸುಟ್ಟಳು. ಮೊದಲು ಅಂಟು ಹೊತ್ತಿಕೊಂಡು ಉರಿಯಿತು. ಆಮೇಲೆ ಎಲೆ ಕೆಂಡದ ಬಣ್ಣಕ್ಕೆ ತಿರುಗಿತು. ಕೆಲವು ನಿಮಿಷ ಅದೇ ಬಣ್ಣದಲ್ಲಿ ಉಳಿಸಿಕೊಂಡಳು. ಆರಿದಾಗ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ತಂತಿ ಬ್ರಷ್ಷಿನಲ್ಲಿ ತಿಕ್ಕಿದ ಮೇಲೆಯೇ ಬೆಳ್ಳಿ ಕಂಡದ್ದು. ಅಳತೆ ಹತ್ತರಲ್ಲೊಂದು ಪಾಲು ಕುಗ್ಗಿತ್ತು. ಉಳಿದದ್ದು 999ರ ಬೆಳ್ಳಿ, ಅಂದರೆ ಸಾವಿರದಲ್ಲಿ 999 ಪಾಲು ಬೆಳ್ಳಿಯೇ.

ಹಾಗಾಗಿ ‘ಮಣ್ಣು’ ಬೇಡ ಅನ್ನಿಸುತ್ತದೆ. ಹೋದ ವಾರ ಓಲೆ ನೋಡಲು ಬಂದ ಒಬ್ಬರು ‘ನೀರು ತಾಗಿದರೆ ಕರಗುತ್ತದಾ?’ ಅಂತ ಕೇಳಿ ಕೆಳಗಿಟ್ಟು ಹೋದರು. ಟೆರಾಕೋಟಾ ಅಂದುಕೊಂಡಿದ್ದರು. ನನ್ನ ಮನಸ್ಸಿನಲ್ಲಿ ‘ಬೆಳ್ಳಿ ಕಣಕ’ ಇದೆ. ಹೇಗೆ?

ಬದಿಯಡ್ಕದಿಂದ:

ಮಲಯಾಳದ ಸಾಲನ್ನು ಇಳಿಸಿ ‘ಲೋಹಮಣ್ಣು’ ಮಾಡಿದರೆ ಸಂಸ್ಕೃತ, ಕನ್ನಡ ಬೆರೆಸಿದ ಅರಿಸಮಾಸ. ‘ಬೆಳ್ಳಿಮಣ್ಣು’ ಸರಿಯಾಗಿದೆ. ಕಣಕ ಹೋಳಿಗೆಗೆ. ಆಭರಣಕ್ಕಲ್ಲ.

ಮಂಜೇಶ್ವರದಿಂದ:

ಮಣ್ಣನ್ನು ಬಿಟ್ಟುಬಿಡಲು ಅವಸರ ಮಾಡಬೇಡಿ. ಈ ವಸ್ತು ಹುಟ್ಟಿದ್ದು ಜಪಾನಿನಲ್ಲಿ. 1990ರ ದಶಕದ ಮೊದಲ ವರ್ಷಗಳಲ್ಲಿ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿ ಇದನ್ನು ರೂಪಿಸಿತು. ಅಲ್ಲಿಯವರು ಅದನ್ನು ‘ಗಿನ್ ನೆಂದೊ’ ಅನ್ನುತ್ತಾರೆ. ಗಿನ್ ಅಂದರೆ ಬೆಳ್ಳಿ. ನೆಂದೊ ಬರೆಯುವ ಎರಡು ಅಕ್ಷರಗಳಲ್ಲಿ ಒಂದಕ್ಕೆ ಅಂಟು, ಇನ್ನೊಂದಕ್ಕೆ ಮಣ್ಣು ಅಂತ ಅರ್ಥ. ನಮ್ಮ ‘ಅಂಟುಮಣ್ಣು’ ಅಚ್ಚುಹೊಡೆದ ಹಾಗೆ ಅದೇ. ಮಾಡಿದವರೇ ಮಣ್ಣು ಅಂದಿದ್ದಾರೆ, ನಮಗೇಕೆ ಮುಜುಗರ?

ಕುಂಬಳೆಯಿಂದ:

ಅವರ ಮಾತಿನಲ್ಲಿ ಸರಿ. ನಮ್ಮಲ್ಲಿ ‘ಎಂತ ಮಣ್ಣಂಗಟ್ಟಿ’ ಅಂತ ದಿನಕ್ಕೆ ಹತ್ತು ಸಲ ಕೇಳುತ್ತೇವೆ ಅಲ್ವಾ? ಆ ಪದವನ್ನು ಬೆಳ್ಳಿಯ ಪಕ್ಕ ಇಟ್ಟು ಯಾರನ್ನು ಕರೆಯಲಿ? ಅದೂ ಅಲ್ಲದೆ ಬೆಳ್ಳಿಮಣ್ಣು ಅಂದರೆ ಅಗೆದು ತೆಗೆದ ಅದಿರು ಅನ್ನಿಸುತ್ತದೆ.

ಮುಳ್ಳೇರಿಯದಿಂದ:

ನಮ್ಮದು ಅಕ್ಕಸಾಲೆಯ ಮನೆ. ನೀವೆಲ್ಲ ಸುಮ್ನೆ ಮಣ್ಣಿನಲ್ಲೇ ಸಿಕ್ಕಿಕೊಂಡಿದ್ದೀರಿ. ಅದು ಆಭರಣ ಆಗುವುದು ಬೆಂಕಿಯಲ್ಲಿ. ಅದಕ್ಕೆ ನಮ್ಮ ಬಾಯಲ್ಲಿ ಪದ ಇದೆ: ಪುಟ. ಎರಕ ಅನ್ನಬೇಡಿ. ಎರಕಕ್ಕೆ ಲೋಹ ಕರಗಬೇಕು. ಬೆಳ್ಳಿ ಕರಗುವುದು ಸುಮಾರು 961 ಡಿಗ್ರಿಯಲ್ಲಿ. ಇಲ್ಲಿ ಕಾವನ್ನು ಅದಕ್ಕಿಂತ ಕೆಳಗೇ ನಿಲ್ಲಿಸುತ್ತಾರೆ. ಪುಡಿಯ ಕಣಗಳು ಕರಗದೆಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ.

ತಾಮ್ರ, ಕಂಚಿನದ್ದಾದರೆ ಇನ್ನೂ ಸ್ಪಷ್ಟ. ಬೆಂಕಿಯಲ್ಲಿ ಗಾಳಿ ತಾಗಿದರೆ ಅದು ಕಪ್ಪಾಗಿ ಕೆಡುತ್ತದೆ. ಅದಕ್ಕೆ ಪಾತ್ರೆಯೊಳಗೆ ಆಕ್ಟಿವೇಟೆಡ್ ಕಾರ್ಬನ್ ಅನ್ನುವ ಇದ್ದಿಲ ಪುಡಿ ತುಂಬಿ, ಅದರಲ್ಲಿ ಹೂತು ಗೂಡಿನಲ್ಲಿ ಕಾಯಿಸುತ್ತಾರೆ. ಆ ಇದ್ದಿಲಲ್ಲಿ ತೆಂಗಿನ ಗೆರಟೆಯದ್ದೂ ಇದೆ. ಇದು ಪುಟ ಅಲ್ಲದೆ ಮತ್ತೇನು? ‘ಪುಟದ ಬೆಳ್ಳಿ’ ಅಂತ ಬರೆಸಿ.

ಗೆರಟೆ ಅಂದಾಗ ನೆನಪಾಯಿತು. ನನ್ನ ಮಗ ಈಗ ಮಲಯಾಳದ ಹಾಗೆ ‘ಚಿರಟ್ಟ’ ಅನ್ನುತ್ತಾನೆ. ಮನೆಯೊಳಗೇ ಪದ ಬದಲಾಗುವುದನ್ನು ಕೇಳಿದರೆ ಸಂಕಟ ಆಗುತ್ತದೆ.

ಬದಿಯಡ್ಕದಿಂದ:

ಪುಟ ಸಂಸ್ಕೃತ. ತಾಮ್ರವೂ ಸಂಸ್ಕೃತ. ಹಳಗನ್ನಡದಲ್ಲಿ ತಾಮ್ರಕ್ಕೆ ‘ಚೆಂಬು’ ಇತ್ತು. ಮಲಯಾಳದವರು ಚೆಂಬ್ ಅನ್ನುವುದು ಇವತ್ತಿಗೂ ತಾಮ್ರಕ್ಕೇ. ನಾವು ಆ ಪದವನ್ನು ನೀರಿನ ಪಾತ್ರೆಗೆ ಬಿಟ್ಟುಕೊಟ್ಟು ಲೋಹಕ್ಕೆ ಹೊರಗಿನಿಂದ ಸಾಲ ತಂದೆವು. ಇದನ್ನೇ ನಾನು ವರ್ಷಗಳಿಂದ ಹೇಳುತ್ತಿರುವುದು. ಕಣಕವೂ ಅಚ್ಚ ಕನ್ನಡ ಅಲ್ಲ, ಮರಾಠಿಯ ‘ಕಣೀಕ್’ ನೋಡಿ. ಮಣ್ಣು ಬೇಡವಾದರೆ ‘ಮುದ್ದೆ’ ಅನ್ನಿ.

ಪೆರ್ಲದಿಂದ:

ಗೆರಟೆ, ಚಿರಟ್ಟ ಒಂದೇ ಬೇರಿನ ಪದ. ನಮ್ಮ ಕಿವಿ ಮಲಯಾಳದಲ್ಲಿ ಚೆವಿ ಆದ ಹಾಗೆ. ಮಗನನ್ನು ಬೈಯಬೇಡಿ, ನೀವು ಗೆರಟೆ ಅನ್ನುತ್ತಾ ಇರಿ, ಅವನಿಗೆ ಎರಡೂ ಬರುತ್ತದೆ.

ನಮ್ಮ ಮನೆಮಾತು ಮರಾಠಿ. ಓದಿದ್ದು ಕನ್ನಡ. ಕಣಕ ಕನ್ನಡದ್ದಲ್ಲ ಅಂದರೆ ನನ್ನನ್ನೇ ಹೊರಗೆ ನಿಲ್ಲಿಸಿದ ಹಾಗಾಗುತ್ತದೆ. ಕಾಸರಗೋಡು ಏಳು ಭಾಷೆಗಳ ಊರು ಅಂತ ವೇದಿಕೆಯಲ್ಲಿ ಹೇಳುತ್ತೇವಲ್ಲ, ಪದಗಳ ವಿಷಯದಲ್ಲಿ ಮಾತ್ರ ಬೇಲಿ ಯಾಕೆ?

ಕುಂಬಳೆಯಿಂದ:

ಎಲ್ಲರಿಗೂ ಥ್ಯಾಂಕ್ಸ್. ‘ಮುದ್ದೆ’ಯನ್ನು ರಾತ್ರಿಯೆಲ್ಲ ಯೋಚಿಸಿದೆ. ಕೆಸರೂ ಮುದ್ದೆ, ಒದ್ದೆ ಬಟ್ಟೆಯೂ ಮುದ್ದೆ. ಕಣಕ ಹಾಗಲ್ಲ. ಅದನ್ನು ನಾದುತ್ತೇವೆ, ಹದ ನೋಡುತ್ತೇವೆ, ಒಣಗದ ಹಾಗೆ ಮುಚ್ಚಿಡುತ್ತೇವೆ, ಲಟ್ಟಿಸುತ್ತೇವೆ. ತಂಗಿ ಬೆಳ್ಳಿಗೆ ಮಾಡುವುದು ಇದನ್ನೇ. ಮೊದಲ ದಿನ ಅಂಚು ಬಿರಿದಾಗ ಅಮ್ಮ ಪಕ್ಕದಿಂದ ‘ಕಣಕ ಬಿಗಿಯಾಯಿತು, ಒಂದು ತೊಟ್ಟು ನೀರು ಹಾಕು’ ಅಂದಿದ್ದರು. ತಂಗಿ ಹಾಕಿದಳು, ಸರಿಹೋಯಿತು. ಪದ ಆವತ್ತೇ ಸಿಕ್ಕಿತ್ತು, ನನಗೆ ಗೊತ್ತಾಗಲಿಲ್ಲ. ಮುಂದೆ ಕಂಚು ತಂದರೆ ‘ಕಂಚಿನ ಕಣಕ’ ಅಂತಲೂ ಹೇಳಬಹುದು.

ಬೋರ್ಡಿನಲ್ಲಿ ದೊಡ್ಡದಾಗಿ ‘ಬೆಳ್ಳಿ ಕಣಕದ ಕೈಕೆಲಸ’. ಕೆಳಗೆ ಸಣ್ಣದಾಗಿ ‘ಪುಟವಿಟ್ಟ ಅಚ್ಚ ಬೆಳ್ಳಿ’. ಮುಳ್ಳೇರಿಯದವರ ಪದ ಇಲ್ಲದಿದ್ದರೆ ಎರಡನೇ ಸಾಲು ಹೊಳೆಯುತ್ತಿರಲಿಲ್ಲ.

ಬದಿಯಡ್ಕದಿಂದ:

‘ಕೈಕೆಲಸ’ ಚೆನ್ನಾಗಿದೆ. ಉಳಿದದ್ದಕ್ಕೆ ನನ್ನ ಒಪ್ಪಿಗೆ ಇಲ್ಲ.