ಸಹಾಯ ಬೇಕು: ಚರ್ಮದ ಸ್ಯಾಂಪಲ್‌ನಿಂದ ಜೀನ್ ಟೆಸ್ಟ್ ಮಾಡೋ ಲ್ಯಾಬ್ ಬೆಂಗಳೂರಲ್ಲಿ ಎಲ್ಲಿದೆ?
ಪೇಷಂಟ್‌ಗೆ ಎಎಂಎಲ್ (ಒಂದು ಬಗೆಯ ರಕ್ತದ ಕ್ಯಾನ್ಸರ್). ರಕ್ತದ ರಿಪೋರ್ಟಲ್ಲಿ ಆರ್‌ಯುಎನ್‌ಎಕ್ಸ್-1 ಜೀನಲ್ಲಿ ದೋಷ ಕಂಡಿದೆ. ಅದು ಹುಟ್ಟಿನಿಂದ ಬಂದದ್ದೋ, ಬರೀ ಕ್ಯಾನ್ಸರ್ ಕೋಶದ್ದೋ ಅಂತ ರಕ್ತ ನೋಡಿ ಖಚಿತವಾಗಿ ಹೇಳೋಕಾಗಲ್ಲ. ಎಂಜಲು ಸಾಕು ಅಂತಾರೆ ಕೆಲವರು. ಸಾಲದು, ಎಂಜಲಲ್ಲೂ ಬಿಳಿ ರಕ್ತಕಣ ಬೆರೆತಿರುತ್ತೆ, ಅದರ ಜೊತೆ ಕ್ಯಾನ್ಸರ್ ಕೋಶವೂ ಬರಬಹುದು. ಚರ್ಮದಿಂದ 3 ಮಿ.ಮೀ. ಪಂಚ್ ಬಯಾಪ್ಸಿ (ಚಿಕ್ಕ ಚೂರು) ತೆಗೆದು, ಅದರಲ್ಲಿರೋ ಫೈಬ್ರೋಬ್ಲಾಸ್ಟ್ ಅನ್ನೋ ಕೋಶಗಳನ್ನ ಲ್ಯಾಬಲ್ಲಿ ಬೆಳೆಸಬೇಕು. ಬೆಳೆಸೋಕೇ ಕೆಲವು ವಾರ ಹಿಡಿಯುತ್ತೆ. (ಅಭ್ಯಾಸಬಲದಿಂದ ಫಾರ್ಮಲಿನ್ ಡಬ್ಬಿಗೆ ಹಾಕಿದರೋ, ಕೋಶ ಸತ್ತೇಹೋಯ್ತು.)

ಆತುರ ಯಾಕೆಂದರೆ, ಅಸ್ಥಿಮಜ್ಜೆ ಕೊಡೋಕೆ ಪೇಷಂಟ್‌ನ ಅಣ್ಣ ತಯಾರಿದ್ದಾರೆ, ಎಚ್‌ಎಲ್‌ಎ (ದಾನಿ ಹೊಂದ್ತಾರಾ ಅಂತ ನೋಡೋ ಗುರುತು) ಪೂರ್ತಿ ಹೊಂದಿದೆ. ಆದರೆ ಅವರ ಪ್ಲೇಟ್‌ಲೆಟ್ ಮೊದಲಿಂದಲೂ ಕಮ್ಮಿ, ಈ ಜೀನ್ ದೋಷ ಹುಟ್ಟಿನಿಂದ ಇದ್ದರೂ ಹಾಗಾಗಬಹುದು. ಪ್ರತಿ ಸಲ ಡೆಂಗಿ ತಲೆಗೆ ಕಟ್ಟಿದ್ದಾರೆ. ಅದೇ ದೋಷ ಅವರಲ್ಲೂ ಇದ್ದರೆ ದಾನಿಯಾಗೋ ಹಾಗಿಲ್ಲ. ಅವರಿಗೆ ರಕ್ತದ ಕ್ಯಾನ್ಸರ್ ಇಲ್ಲ, ಹಾಗಾಗಿ ರಕ್ತದ ಟೆಸ್ಟೇ ನಡೆಯುತ್ತೆ.

ಲ್ಯಾಬ್, ಖರ್ಚು, ಕನ್ನಡದಲ್ಲಿ ವಿವರಿಸೋ ಜೆನೆಟಿಕ್ ಕೌನ್ಸೆಲರ್, ಯಾವುದು ಗೊತ್ತಿದ್ದರೂ ತಿಳಿಸಿ.