ವಿಲ್ಲಾ ಸವೊಯ್ ಮನೆಯಿಂದ ಹಾಸನ, ಚಿಕ್ಕಮಗಳೂರಿನವರು ಕಲಿಯುವುದು ಏನಾದರೂ ಇದೆಯಾ?

ಕಟ್ಟಡಪ್ರಿಯ (ಹಾಸನ): ಪ್ಯಾರಿಸ್ ಹತ್ತಿರದ ಪುವಾಸಿ ಊರಿನಲ್ಲಿ ವಾಸ್ತುಶಿಲ್ಪಿಗಳಾದ ಲ ಕಾರ್ಬುಸಿಯೆ ಮತ್ತು ಪಿಯೆರ್ ಜಾನ್ನೆರೆ 1928ರಿಂದ 1931ರವರೆಗೆ ಕಟ್ಟಿಸಿದ ಮನೆ ಇದು. ಭಾರವನ್ನೆಲ್ಲ ಕಾಂಕ್ರೀಟ್ ಕಂಬಗಳು ಹೊತ್ತಿವೆ. ಹಾಗಾಗಿ ಗೋಡೆಗೆ ಹೊರುವ ಕೆಲಸವೇ ಇಲ್ಲ. ಬೇಕಾದ ಕಡೆ ನಿಲ್ಲುತ್ತದೆ, ಬೇಕಾದ ಕಡೆ ಬಾಗುತ್ತದೆ. ಕಿಟಕಿ ಈ ತುದಿಯಿಂದ ಆ ತುದಿಗೆ ಒಂದೇ ಪಟ್ಟಿಯಾಗಿ ಓಡುತ್ತದೆ. ನೆಲಮಹಡಿಯ ಗಾಜಿನ ಗೋಡೆ ಬಾಗಿರುವುದು ಕಾರು ತಿರುಗಿಸುವ ಅಳತೆಗೆ. ನಡುವೆ ತಾರಸಿವರೆಗೆ ಮೆಟ್ಟಿಲಿಲ್ಲದ ಇಳಿಜಾರು ದಾರಿ, ಅಂದರೆ ರ‍್ಯಾಂಪ್. ಮೆಟ್ಟಿಲಲ್ಲಿ ಕಾಲು ನೋಡಿಕೊಂಡು ಹತ್ತುತ್ತೇವೆ, ರ‍್ಯಾಂಪಿನಲ್ಲಿ ಮನೆ ನೋಡಿಕೊಂಡು ಹತ್ತುತ್ತೇವೆ. ನಮ್ಮೂರಿನ ಹೊಸ ಮನೆಗಳಲ್ಲೂ ಪಿಲ್ಲರ್ ಇದೆ. ಪ್ಲಾನ್ ಮಾತ್ರ ಇನ್ನೂ ಗೋಡೆ ಭಾರ ಹೊರುತ್ತಿದ್ದ ಕಾಲದ್ದೇ. 30×40 ಸೈಟಿನವರೂ ಇದನ್ನು ನೋಡಿ ಕಲಿಯಬೇಕು.

ಸೆಂಟ್ರಿಂಗ್ ಮೇಸ್ತ್ರಿ: 30×40ರಲ್ಲಿ ರ‍್ಯಾಂಪಾ ಸಾರ್? ಒಂದಡಿ ಏರಲು 12 ಅಡಿ ಉದ್ದ ಅಂತ ಹಿಡಿದರೆ 10 ಅಡಿ ಮೇಲೆ ಹೋಗಲು 120 ಅಡಿ ಬೇಕು. ಪಕ್ಕದ ಎರಡು ಸೈಟಿನವರನ್ನು ಕೇಳಿಕೊಂಡು ಬನ್ನಿ.

ಮೂಡಿಗೆರೆ ಕಾಫಿ: ಸೈಟು ಸಿಕ್ಕರೂ ಮಳೆ ಬಿಡಬೇಕಲ್ಲ ಮಾರಾಯ್ರೆ. ಆ ಮನೆ ಸೋರುತ್ತಿತ್ತು. ಮಾಲೀಕರ ಹೆಂಡತಿ ಹಾಲ್ ಒಳಗೆ ನೀರು, ರ‍್ಯಾಂಪಿನ ಮೇಲೆ ನೀರು ಅಂತ ಕಾಗದದ ಮೇಲೆ ಕಾಗದ ಬರೆದರು. 1940ರಲ್ಲಿ ಮನೆ ಬಿಟ್ಟೇ ಹೋದರು. ಅಲ್ಲಿ ವರ್ಷಕ್ಕೆ ಬೀಳುವುದು 650 ಮಿ.ಮೀ. ಆಸುಪಾಸು. ನಮ್ಮ ಕಡೆ 2000 ದಾಟುತ್ತದೆ.

ಕಟ್ಟಡಪ್ರಿಯ (ಹಾಸನ): ಬಿಟ್ಟು ಹೋಗಿದ್ದು ಯುದ್ಧ ಬಂದಿದ್ದಕ್ಕೆ. ಮೊದಲು ಜರ್ಮನ್ ಸೈನ್ಯ, ಆಮೇಲೆ ಅಮೆರಿಕನ್ನರು ಅಲ್ಲಿದ್ದರು. ಅರ್ಧ ಇತಿಹಾಸ ಹೇಳಬೇಡಿ.

ಮೂಡಿಗೆರೆ ಕಾಫಿ: 1936ರಲ್ಲೇ ಸೋರುವ ದೂರು ಹೋಗಿದೆ. ಆಗ ಯಾವ ಯುದ್ಧ ಇತ್ತು?

ಪ್ಲಾನ್_ಪುಟ್ಟಿ: ಕಂಬದ ವಿಷಯಕ್ಕೆ ಬರೋಣ. ಎಲ್ಲ ಕಂಬವೂ ಒಂದೇ ಸಾಲಿನಲ್ಲಿ ಶಿಸ್ತಾಗಿ ನಿಂತಿವೆ ಅಂದುಕೊಳ್ಳಬೇಡಿ. ರ‍್ಯಾಂಪ್ ಬರುವ ಕಡೆ ಅವು ಪಕ್ಕಕ್ಕೆ ಸರಿದಿವೆ. ಆ ಬಿಳಿ ಗೋಡೆಯೂ ಪೂರ್ತಿ ಕಾಂಕ್ರೀಟ್ ಅಲ್ಲ, ಬ್ಲಾಕ್ ತುಂಬಿ ಗಾರೆ ಮಾಡಿದ್ದು.

ಸೆಂಟ್ರಿಂಗ್ ಮೇಸ್ತ್ರಿ: ನಾವು ಪಿಲ್ಲರ್ ಅರ್ಧ ಅಡಿ ಸರಿಸಿದರೆ ಇಂಜಿನಿಯರ್ ಬಂದು ಬೈಯುತ್ತಾರೆ. ಅವರು ಸರಿಸಿದರೆ ಪಾಠ ಆಗುತ್ತದೆ.

ಇಂಟೀರಿಯರ್ ಅಕ್ಕ: ಯಾರೂ ಒಳಗೇ ಹೋಗಲಿಲ್ಲ ಅಲ್ವಾ? ಮಲಗುವ ಕೋಣೆಗೂ ಬಚ್ಚಲಿಗೂ ನಡುವೆ ಗೋಡೆ ಇಲ್ಲ, ಪರದೆ ಮಾತ್ರ. ನೀಲಿ ಟೈಲ್ಸಿನ ತೊಟ್ಟಿ, ಅದರ ಪಕ್ಕಕ್ಕೆ ಮೈಯ ತಿರುವಿಗೆ ಸರಿಯಾಗಿ ಬಾಗಿಸಿ ಕಟ್ಟಿದ ಒರಗುವ ಕಟ್ಟೆ. ಕೆಳಗೆ ಮುಂಬಾಗಿಲು ದಾಟಿದರೆ ಇನ್ನೊಂದು ವಿಚಿತ್ರ. ಗೋಡೆಗೂ ತಾಗದೆ ಒಂಟಿಯಾಗಿ ನಿಂತ ಒಂದು ವಾಷ್ ಬೇಸಿನ್.

ಹಳೇಮನೆ ಬೇಲೂರು: ಕೈಕಾಲು ತೊಳೆದು ಒಳಗೆ ಬಾ ಅಂತ ನಮ್ಮಜ್ಜಿಯರು ಹೇಳುತ್ತಿದ್ದದ್ದು ಇದನ್ನೇ! ಫ್ರಾನ್ಸಿನವರು 1931ರಲ್ಲಿ ಕಂಡುಹಿಡಿದರಂತೆ.

ಇಂಟೀರಿಯರ್ ಅಕ್ಕ: ಅಜ್ಜಿಯ ಚೊಂಬು ಇರುತ್ತಿದ್ದದ್ದು ಜಗಲಿಯ ಹೊರಗೆ. ಇದು ಇರುವುದು ಮನೆಯ ಒಳಗೆ. ಬೇಸಿನ್ ಎತ್ತರಕ್ಕೆ ಕಾಲು ಎತ್ತಿ ತೊಳೆಯುತ್ತೀರಾ?

ಮೂಡಿಗೆರೆ ಕಾಫಿ: ಸೋರುವ ನೀರು ಹಿಡಿಯಲು ಇಟ್ಟಿರಬೇಕು.

ಕಟ್ಟಡಪ್ರಿಯ (ಹಾಸನ): ತಮಾಷೆ ಸಾಕು. ಅದು ಕ್ಷಯಕ್ಕೆ ಜನ ಹೆದರುತ್ತಿದ್ದ ಕಾಲ. ಬಿಸಿಲು, ಗಾಳಿ, ಬಿಳಿ ಗೋಡೆ, ತೊಳೆದ ಕೈ, ಇವೆಲ್ಲ ಆ ವಾಸ್ತುಶಿಲ್ಪಿಗಳಿಗೆ ಒಂಥರಾ ಗೀಳಾಗಿತ್ತು.

ಹಳೇಮನೆ ಬೇಲೂರು: ಶುಚಿತ್ವ ಗೀಳಾ? ಅವರು ಮಾಡಿದರೆ ಆರೋಗ್ಯ, ನಾವು ಮಾಡಿದರೆ ಮಡಿ ಅಂತ ನಗುತ್ತೀರಿ.

ಪ್ಲಾನ್_ಪುಟ್ಟಿ: ಯಾರೂ ನಗಲಿಲ್ಲ. ಗೀಳು ಅಂದಿದ್ದು ಅವರಿಗೇ.

ಹಳೇಮನೆ ಬೇಲೂರು: ಇಂಟೀರಿಯರ್ ಮೇಡಂ, ನೀವು ಪರದೆ ಬಣ್ಣ ನೋಡಿಕೊಳ್ಳಿ. ಆಚಾರದ ವಿಷಯ ನಮಗೆ ಬಿಡಿ.

ಇಂಟೀರಿಯರ್ ಅಕ್ಕ: ಪರದೆ ಬಣ್ಣವಾ? ಬೇಸಿನ್ ಎಲ್ಲಿದೆ ಅಂತ ನೋಡಿ ಹೇಳಿದವಳು ನಾನು. ನೀವು ಆ ಮನೆಯ ಪ್ಲಾನನ್ನು ಒಂದು ಸಲವಾದರೂ ಬಿಡಿಸಿ ನೋಡಿದ್ದೀರಾ? ಅಡುಗೆಮನೆ ಯಾವ ಮಹಡಿಯಲ್ಲಿದೆ ಹೇಳಿ ನೋಡೋಣ.

ಹಳೇಮನೆ ಬೇಲೂರು: ಅಡುಗೆಮನೆ ಆಗ್ನೇಯದಲ್ಲಿರಬೇಕು. ಮಹಡಿ ಯಾವುದಾದರೇನು.

ಇಂಟೀರಿಯರ್ ಅಕ್ಕ: ಮೊದಲ ಮಹಡಿ! ಹಾಲ್ ಇರುವ ಮಹಡಿಯಲ್ಲೇ. ಮಾತಾಡುವ ಮುಂಚೆ ಇಷ್ಟಾದರೂ ನೋಡಿ.

ಕಟ್ಟಡಪ್ರಿಯ (ಹಾಸನ): ದಯವಿಟ್ಟು ಚರ್ಚೆಗೆ ಬನ್ನಿ. ಈ ಮನೆ 2016ರಲ್ಲಿ ಇದೇ ಲ ಕಾರ್ಬುಸಿಯೆ ವಿನ್ಯಾಸದ ಚಂಡೀಗಢದ ಕ್ಯಾಪಿಟಲ್ ಸರ್ಕಾರಿ ಕಟ್ಟಡಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಸುಮ್ನೆ ಸೇರಿಸುತ್ತಾರಾ?

ಹಳೇಮನೆ ಬೇಲೂರು: ಬೇಲೂರು, ಹಳೇಬೀಡೂ 2023ರಲ್ಲಿ ಸೇರಿವೆ. ಕಂಬ ನೋಡಬೇಕಾದರೆ ಪ್ಯಾರಿಸ್‌ಗೆ ಹೋಗಬೇಕಿಲ್ಲ, ಹಾಸನದಲ್ಲಿ ಬಸ್ ಹತ್ತಿ.

ಪ್ಲಾನ್_ಪುಟ್ಟಿ: ದೇವಸ್ಥಾನಕ್ಕೂ ಮನೆಗೂ ಏನು ಸಂಬಂಧ ಅಣ್ಣ? ಅಲ್ಲಿ ಯಾರೂ ಸಂಸಾರ ಮಾಡುವುದಿಲ್ಲ.

ಮೂಡಿಗೆರೆ ಕಾಫಿ: ಪಟ್ಟಿಗೆ ಸೇರಿದರೆ ಸೋರುವುದು ನಿಲ್ಲುತ್ತಾ? ನಮ್ಮ ಮನೆಗೆ ವಾಟರ್ ಪ್ರೂಫಿಂಗ್ ಮಾಡಿದವರು ಗ್ಯಾರಂಟಿ ಕಾರ್ಡನ್ನೂ ಕೊಟ್ಟಿದ್ದರು. ಜುಲೈ ಬಂತು ಅಂದರೆ ಹಾಲಿನ ಮೂಲೆಯಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಉಗುರಿನಲ್ಲಿ ಚುಚ್ಚಿದರೆ ಮಣ್ಣುಬಣ್ಣದ ನೀರು ಗೋಡೆ ಹಿಡಿದು ಇಳಿಯುತ್ತದೆ. ಅದಕ್ಕೇ ಮಲೆನಾಡಿನಲ್ಲಿ ಮೋಲ್ಡ್ (ಕಾಂಕ್ರೀಟ್ ತಾರಸಿ) ಹಾಕಿದವರೂ ಮೇಲೆ ಶೀಟ್ ಹೊದಿಸುವುದು.

ಕಟ್ಟಡಪ್ರಿಯ (ಹಾಸನ): ಲ ಕಾರ್ಬುಸಿಯೆಗೂ ಅದು ಗೊತ್ತಿತ್ತು. ಅಹಮದಾಬಾದಿನಲ್ಲಿ 1956ರಲ್ಲಿ ಮುಗಿದ ಶೋಧನ್ ಮನೆ ನೋಡಿ. ಮನೆಯ ಮೇಲೆ ಎತ್ತರದಲ್ಲಿ ಕೊಡೆ ಥರ ಇನ್ನೊಂದು ಚಪ್ಪಡಿ ಇದೆ. ನಡುವೆ ತೆರೆದ ತಾರಸಿ, ಗಾಳಿ ಆಡುತ್ತದೆ.

ಮೂಡಿಗೆರೆ ಕಾಫಿ: ಮೇಲೆ ಇನ್ನೊಂದು ಹೊದಿಕೆ ಬೇಕು ಅಂತ ಅವರೇ ಒಪ್ಪಿದರಲ್ಲ. ಮುಗಿಯಿತು ಬಿಡಿ.

ಕಟ್ಟಡಪ್ರಿಯ (ಹಾಸನ): ಅದು ಅಲ್ಲಿನ ಬಿಸಿಲಿಗೆ!

ಮೂಡಿಗೆರೆ ಕಾಫಿ: ನಮ್ಮದು ಮಳೆಗೆ. ಶೀಟ್ ಶೀಟೇ.

ಪ್ಲಾನ್_ಪುಟ್ಟಿ: ಪಿಲ್ಲರ್ ಇದ್ದೂ ಪ್ಲಾನ್ ಯಾಕೆ ಬದಲಾಗಿಲ್ಲ ಅನ್ನುವುದು ಒಳ್ಳೆ ಪ್ರಶ್ನೆಯಾಗಿತ್ತು. ಒಬ್ಬರೂ ಮುಟ್ಟಲಿಲ್ಲ.

ಸೆಂಟ್ರಿಂಗ್ ಮೇಸ್ತ್ರಿ: ಪ್ಲಾನ್ ಬದಲಾಯಿಸುವವರು ಬದಲಾಯಿಸಿ. ಬೇಸಿನ್ ನಡುಮನೆಯಲ್ಲಿ ಬೇಕೆಂದರೆ ಮಾತ್ರ ನೆಲಕ್ಕೆ ಕಾಂಕ್ರೀಟ್ ಹಾಕುವ ಮೊದಲೇ ಹೇಳಿ. ನೀರು ಹರಿಯಲು ಪೈಪಿಗೆ ವಾಟ (ಇಳಿಜಾರು) ಕೊಡಬೇಕು. ಟೈಲ್ಸ್ ಕೂರಿಸಿದ ಮೇಲೆ ಫೋನ್ ಮಾಡಿದರೆ ನಾನು ಎತ್ತುವುದಿಲ್ಲ.

ಹಳೇಮನೆ ಬೇಲೂರು: ಈಶಾನ್ಯಕ್ಕೆ ಇಡಿಸಿ.

ಇಂಟೀರಿಯರ್ ಅಕ್ಕ: ಬಾಗಿಲು ಪಶ್ಚಿಮಕ್ಕಿದ್ದರೆ?