ಹಳೇ .315 ರೈಫಲ್, ಬ್ಯಾರೆಲ್ ಸವೆದಿದೆ, ತಗೊಳ್ಳಬಹುದಾ?

ಮೂಡಿಗೆರೆ ತೋಟದವ: ಸಕಲೇಶಪುರದಲ್ಲಿ ಒಬ್ಬರು ಮಾರುತ್ತಿದ್ದಾರೆ. ಲೈಸೆನ್ಸ್ ಕಾಗದ ಎಲ್ಲ ಸರಿ ಇದೆ. ಆದರೆ ನಳಿಗೆ ಒಳಗೆಲ್ಲ ಕಪ್ಪು, ರೈಫ್ಲಿಂಗ್ ಗೆರೆ (ಗುಂಡನ್ನು ತಿರುಗಿಸೋ ಒಳಗಿನ ಸುರುಳಿ ಗೆರೆ) ಮಸುಕು. ನಮ್ಮ ಮಳೆಗೆ ಕೋವಿ ಹೀಗಾಗೋದು ಮಾಮೂಲಿ ಅಂತಾರೆ, ಹೌದಾ?

ಹಳೇ ಕೋವಿ: ಮೊದಲು ಒರೆಸಿ ನೋಡಿ ಮಾರಾಯ್ರೇ! ಗುಂಡಿಲ್ಲ ಅಂತ ಖಚಿತ ಮಾಡಿಕೊಂಡು, ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚೋ ಭಾಗ) ತೆಗೆದು, ಎಣ್ಣೆ ಬಟ್ಟೆ ನಾಲ್ಕು ಸಲ ಎಳೆದರೆ ಅರ್ಧ ಕಪ್ಪು ಬರೀ ಮಸಿ ಅಂತ ಗೊತ್ತಾಗುತ್ತದೆ. ಆಮೇಲೆ ಚೇಂಬರ್, ಅಂದರೆ ತೋಟಾ ಕೂರೋ ಜಾಗ, ಅದರ ಮುಂದೆ ನೋಡಿ. ಬಿಸಿ ಗ್ಯಾಸ್ ಹೊಡೆಯೋದು ಅಲ್ಲೇ ಜಾಸ್ತಿ, ಮೊದಲು ಸವೆಯೋದೂ ಅಲ್ಲೇ. ಸಣ್ಣ ತುಕ್ಕಿನ ಗುಳಿಗಳಿಗೆ ಹೆದರಬೇಡಿ, ಅಂಥವೂ ಎಷ್ಟೋ ಚೆನ್ನಾಗಿ ಹೊಡೆಯುತ್ತವೆ, ಕ್ಲೀನ್ ಮಾಡೋ ಕೆಲಸ ಜಾಸ್ತಿ ಅಷ್ಟೇ. ಒಳಗೆ ಉಂಗುರದಂತೆ ಕಪ್ಪು ನೆರಳು ಕಂಡರೆ ಮಾತ್ರ ಮುಟ್ಟಬೇಡಿ, ಬ್ಯಾರೆಲ್ ಉಬ್ಬಿರಬಹುದು.

ಹಾಸನದವನು: ನಳಿಗೆಯ ಮುಂದಿನ ಬಾಯಿ ಅಂಚೂ ನೋಡಿ. ಮುಂದಿನಿಂದ ಸರಳು ತೂರಿಸಿ ಒರೆಸಿ ಒರೆಸಿ ಅದನ್ನೇ ಸವೆಸಿರುತ್ತಾರೆ. ಅಷ್ಟೇ ಆಗಿದ್ದರೆ ಗನ್‌ಸ್ಮಿತ್ ಸರಿ ಮಾಡಬಲ್ಲ. ನಾನು ಸುಮ್ನೆ ಹೊಳಪು ನೋಡಿ ಒಂದು ತಗೊಂಡು ಕೆಟ್ಟೆ, 50 ಮೀಟರಿಗೇ ಗುಂಡು ಅಡ್ಡ ತಿರುಗಿ ಪೇಪರಿನಲ್ಲಿ ಉದ್ದುದ್ದ ತೂತು! ರೇಂಜಿನಲ್ಲಿ 5 ಗುಂಡು ಹೊಡೆಸದೆ ದುಡ್ಡು ಕೊಡಬೇಡಿ.

ಮೂಡಿಗೆರೆ ತೋಟದವ: ಸರಿ, ಭಾನುವಾರ ಟಾರ್ಚು, ಬಟ್ಟೆ ಹಿಡಿದು ಹೋಗುತ್ತೇನೆ.